ಆ್ಯಪ್ ವೇದಿಕೆ: ಕಟ್ಟುವವರ ಹಿತ, ಬಳಸುವವರ ನಂಬಿಕೆ



ಊರಿಗೆ ಹಣ ಕಳಿಸಲು ಒಂದು ಆ್ಯಪ್, ರೈಲಿನ ಟಿಕೀಟಿಗೆ ಒಂದು, ಮಕ್ಕಳ ಆಟಕ್ಕೆ ಮತ್ತೊಂದು. ಇವೆಲ್ಲ ಯಾವ ನೆಲದ ಮೇಲೆ ನಿಂತಿವೆ? ಆ ನೆಲಕ್ಕೆ ಪ್ಲಾಟ್‌ಫಾರ್ಮ್, ಅಂದರೆ ವೇದಿಕೆ ಎಂದು ಹೆಸರು. ಅದನ್ನು ನಡೆಸುವವರ ಹೊಣೆ ಎಂಥದೆಂಬುದನ್ನು ನಡೆದ ಒಂದು ಸಂಗತಿಯಿಂದಲೇ ತಿಳಿಯೋಣ.

೧. ವೇದಿಕೆ ಎಂದರೇನು?

ವಾರದ ಸಂತೆಯನ್ನು ನೆನೆಯಿರಿ. ಮೈದಾನ ಒಬ್ಬರದು, ಅಂಗಡಿ ಹೂಡುವವರು ಬೇರೆ, ಕೊಳ್ಳಲು ಬರುವವರು ಬೇರೆ. ವ್ಯಾಪಾರಿ ಇಲ್ಲದೆ ಗಿರಾಕಿ ಬಾರನು. ಗಿರಾಕಿ ಇಲ್ಲದೆ ವ್ಯಾಪಾರಿ ನಿಲ್ಲನು. ಹಾಗೆಯೇ ಒಂದು ಕಂಪೆನಿ ತನ್ನ ವ್ಯವಸ್ಥೆಯ ಮೇಲೆ ಹೊರಗಿನವರು ಆ್ಯಪ್ ಕಟ್ಟಲು ಅವಕಾಶ ಕೊಟ್ಟರೆ ಅದು ವೇದಿಕೆಯಾಗುತ್ತದೆ. ಕಟ್ಟುವವರಿಗೆ ಮಾಹಿತಿ ದೊರೆಯುವ ದಾರಿಗೆ ಎ.ಪಿ.ಐ. ಎನ್ನುವರು. ಅದು ಕಚೇರಿಯ ಕಿಟಕಿಯಂತೆ: ಗೊತ್ತಾದ ನಮೂನೆಯಲ್ಲಿ ಕೇಳಿದರೆ ಗೊತ್ತಾದ ಉತ್ತರ ಸಿಗುತ್ತದೆ, ಒಳಗಿನ ಕಪಾಟಿಗೆ ಕೈ ಹಾಕುವಂತಿಲ್ಲ.

೨. ಸಂತೆ ನೆರೆದದ್ದು

ಅಮೆರಿಕದ ಫೇಸ್‌ಬುಕ್ ಕಂಪೆನಿ ೨೦೦೭ರ ಮೇ ೨೪ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಭೆ ಕರೆದು ತನ್ನ ವೇದಿಕೆಯನ್ನು ಹೊರಗಿನವರಿಗೆ ತೆರೆಯಿತು. ಕಟ್ಟುವವರು ತಂಡತಂಡವಾಗಿ ಬಂದರು. ೨೦೦೯ರ ಜೂನಿನಲ್ಲಿ ಜಿಂಗಾ ಎಂಬ ಕಂಪೆನಿ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟವನ್ನು ಹೊರತಂದಿತು. ಕೋಟಿಗಟ್ಟಲೆ ಜನ ಆಡಿದರು.

ಆದರೆ ಆಡುವವನ ತೋಟದ ಸುದ್ದಿ ಆಡದವರ ಪುಟಕ್ಕೂ ಬಂದು ಬೀಳತೊಡಗಿತು. ಬಳಸುವವರು ಬೇಸತ್ತರು. ೨೦೧೦ರಲ್ಲಿ ಕಂಪೆನಿ ಆ್ಯಪ್‌ಗಳು ಕಳಿಸುತ್ತಿದ್ದ ಸೂಚನೆಗಳನ್ನು ನಿಲ್ಲಿಸಿತು. ೨೦೧೧ರ ಜುಲೈ ೧ರಿಂದ ಆಟಗಳ ಹಣದ ವ್ಯವಹಾರ ತನ್ನ ಮೂಲಕವೇ ನಡೆಯಬೇಕೆಂದು ವಿಧಿಸಿ, ನೂರಕ್ಕೆ ೩೦ರಂತೆ ಸುಂಕ ಹಿಡಿಯಿತು. ಆ ವರ್ಷ ಜಿಂಗಾದ ವರಮಾನದಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಬರುತ್ತಿದ್ದುದು ಈ ಒಂದೇ ಮೈದಾನದಿಂದ. ಬೇರೆಯವರ ನೆಲದಲ್ಲಿ ಮನೆ ಕಟ್ಟಿದವನ ಪಾಡು ಇದು.

ಕಟ್ಟುವವರ ದೂರು ಸುಂಕದ ಮೇಲೆ ಮಾತ್ರವಲ್ಲ. ನಿಯಮ ಯಾವಾಗ ಬದಲಾದೀತೆಂಬ ಭಯ ಅದಕ್ಕಿಂತ ದೊಡ್ಡದು. ೨೦೧೪ರಲ್ಲಿ ಫೇಸ್‌ಬುಕ್ ತನ್ನ ಮುಖ್ಯ ಎ.ಪಿ.ಐ.ಗಳ ಪ್ರತಿಯೊಂದು ಆವೃತ್ತಿಯನ್ನೂ ಎರಡು ವರ್ಷ ನಡೆಸುವುದಾಗಿ ಮಾತು ಕೊಟ್ಟಿತು. ಇದು ಒಳ್ಳೆಯ ಪದ್ಧತಿ. ಸಂಬಳ ಕೊಡಬೇಕಾದವನಿಗೆ ನಾಳೆಯ ಭರವಸೆ ಬೇಕು.

೩. ಸಲಿಗೆ ಮಿತಿಮೀರಿದಾಗ

ಆ ಕಾಲದ ಕಿಟಕಿಯಲ್ಲಿ ಒಂದು ದೊಡ್ಡ ದೋಷವಿತ್ತು. ಒಬ್ಬನು ಆ್ಯಪ್ ಹಾಕಿಕೊಂಡು ಒಪ್ಪಿದರೆ, ಅವನ ಗೆಳೆಯರ ವಿವರಗಳೂ ಕಟ್ಟಿದವನಿಗೆ ಸಿಗುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಒಬ್ಬನ ಹೆಸರು ಕೇಳಿ ಬಂದವನಿಗೆ ಅವನ ಖೋಲಿಯವರೆಲ್ಲರ ವಿವರವನ್ನೂ ಬರೆದುಕೊಡುವ ಗುಮಾಸ್ತನನ್ನು ನಾವು ಮೆಚ್ಚುತ್ತೇವೆಯೇ?

೨೦೧೩ರಲ್ಲಿ ಹೀಗೆ ಒಂದು ಪ್ರಶ್ನಾವಳಿ ಆ್ಯಪ್ ಬಂತು. ಅದು ಕೂಡಿಸಿದ ವಿವರಗಳು ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಪ್ರಚಾರದ ಕಂಪೆನಿಗೆ ಹೋದವೆಂಬುದು ೨೦೧೮ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಫೇಸ್‌ಬುಕ್ಕೇ ಕೊಟ್ಟ ಲೆಕ್ಕದಂತೆ, ಒಟ್ಟು ೮ ಕೋಟಿ ೭೦ ಲಕ್ಷ ಜನರವರೆಗೆ ವಿವರ ಹೋಗಿರಬಹುದು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ೩೩೫ ಮಂದಿ ಮಾತ್ರ. ವಿವರ ಹೋಗಿರಬಹುದಾದ ಭಾರತೀಯರು ೫,೬೨,೪೫೫. ಉಳಿದವರ ತಪ್ಪು, ಆ್ಯಪ್ ಹಾಕಿಕೊಂಡ ಯಾರಿಗೋ ಗೆಳೆಯರಾಗಿದ್ದದ್ದು!

೨೦೧೯ರಲ್ಲಿ ಅಮೆರಿಕದ ಸರ್ಕಾರಿ ವಾಣಿಜ್ಯ ಆಯೋಗ ಕಂಪೆನಿಗೆ ೫೦೦ ಕೋಟಿ ಡಾಲರ್ ದಂಡ ವಿಧಿಸಿತು. ಗೆಳೆಯರ ವಿವರ ಕೊಡುವ ಕಿಟಕಿ ೨೦೧೫ರಲ್ಲೇ ಮುಚ್ಚಿತ್ತು. ಆದರೆ ೨೦೧೮ರ ಗದ್ದಲದಲ್ಲಿ ಕಂಪೆನಿ ಇನ್ನೂ ಅನೇಕ ಕಿಟಕಿಗಳನ್ನು ತಟ್ಟನೆ ಬಿಗಿ ಮಾಡಿದಾಗ, ಯಾವ ತಪ್ಪೂ ಮಾಡದ ಸಣ್ಣ ತಯಾರಕರ ಆ್ಯಪ್‌ಗಳೂ ಕೆಟ್ಟು ನಿಂತವು.

೪. ಪಾಠದ ಸಾರ

ಬಳಸುವವರ ಸೊತ್ತನ್ನು ಧಾರಾಳವಾಗಿ ಹಂಚುವುದು ಕಟ್ಟುವವರಿಗೆ ಮಾಡುವ ಉಪಕಾರವಲ್ಲ. ನಂಬಿಕೆ ಹೋದ ದಿನ ಇಬ್ಬರೂ ಕೆಡುತ್ತಾರೆ. ಆದ್ದರಿಂದ ವೇದಿಕೆ ನಡೆಸುವವರು:

(ಅ) ನಿಯಮವನ್ನು ತಿಳಿಯುವ ಭಾಷೆಯಲ್ಲಿ ಬರೆದಿಡಬೇಕು. ಬದಲಿಸುವುದಾದರೆ ಸಾಕಷ್ಟು ಮುಂಚೆ ತಿಳಿಸಬೇಕು.
(ಆ) ಆ್ಯಪ್‌ನ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೊಡಬೇಕು.
(ಇ) ಒಬ್ಬನ ಒಪ್ಪಿಗೆಯನ್ನು ಅವನ ವಿವರಕ್ಕೆ ಮಾತ್ರ ಒಪ್ಪಿಗೆಯೆಂದು ತಿಳಿಯಬೇಕು.
(ಈ) ಬಳಸುವವರ ದೂರನ್ನು ಆರಂಭದಲ್ಲೇ ಕೇಳಬೇಕು.

೫. ನಾವು ಮಾಡಬೇಕಾದದ್ದು

ಸಾಲ ಕೊಡುವ ಆ್ಯಪ್‌ಗಳು ಫೋನಿನಲ್ಲಿರುವ ಹೆಸರು-ನಂಬರುಗಳ ಪಟ್ಟಿಯನ್ನೂ ಕರೆಗಳ ವಿವರವನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು ೨೦೨೨ರ ಸೆಪ್ಟೆಂಬರಿನಲ್ಲಿ ಸೂಚನೆ ಕೊಟ್ಟಿತು. ಯಾವ ಆ್ಯಪ್ ಆದರೂ ಆ ಪಟ್ಟಿ ಕೇಳಿದಾಗ ‘ಅಲೌ’ ಎಂದು ಒತ್ತುವ ಮುಂಚೆ ಒಂದು ಕ್ಷಣ ತಡೆಯಿರಿ. ಅದರಲ್ಲಿ ನಿಮ್ಮ ಅಣ್ಣತಮ್ಮಂದಿರ, ಊರವರ, ಜೊತೆ ಕೆಲಸಗಾರರ ನಂಬರುಗಳಿವೆ.

ವಿಚಾರಕ್ಕೆ ಪ್ರಶ್ನೆಗಳು

೧. ನಿಮ್ಮ ಫೋನಿನ ಯಾವ ಯಾವ ಆ್ಯಪ್‌ಗಳಿಗೆ ಹೆಸರುಗಳ ಪಟ್ಟಿ ನೋಡುವ ಅನುಮತಿ ಇದೆ? ಸೆಟಿಂಗ್ಸ್‌ನಲ್ಲಿ ನೋಡಿ ಬನ್ನಿ.
೨. ಅವುಗಳಲ್ಲಿ ಯಾವುದರ ಕೆಲಸಕ್ಕೆ ಅದು ನಿಜವಾಗಿ ಬೇಕು?