ನೋವು ಬ್ಯಾರೆ, ಅಂಜಿಕಿ ಬ್ಯಾರೆ

ಯವ್ವಾ, ನಿನ್ನೆ ರಾತ್ರಿ ರಾಣೆಬೆನ್ನೂರಿಂದ ಫೋನ್ ಮಾಡಿ, "ಅತ್ತಿ, ಎದಿ ನೋಯಾಕತ್ತೈತಿ, ಕ್ಯಾನ್ಸರ್ ಇರಬೇಕು" ಅಂದಿ. ಅವ್ವನ ಮುಂದ ಹೇಳಿಲ್ಲ, ಗಂಡನ ಮುಂದ ಹೇಳಿಲ್ಲ. ನಿನ್ನ ದನಿ ಕೇಳಿ ನನಗ ನಿದ್ದಿ ಹತ್ತಲಿಲ್ಲ.

ನಿನ್ನ ವಯಸ್ಸಿನ್ಯಾಗ ನಾನೂ ಹಂಗ ಮುಚ್ಚಿಟ್ಟಿದ್ದೆ. ಮೆಣಸಿನಕಾಯಿ ಬಿಡಸಾಕ ಹೋದಾಗ, ಉಡಿ ತುಂಬ ಕಾಯಿ ಕಟ್ಕೊಂಡು ಬಗ್ಗಿದರ ಮೊಲಿ ಚುಳುಕ್ ಅಂತಿತ್ತು. ಸೆರಗಿನ ಮರಿಗೆ ಕೈ ಒಯ್ದು ದಿನಕ್ಕ ಹತ್ತು ಸಲ ಒತ್ತಿ ನೋಡ್ತಿದ್ದೆ. ಒತ್ತಿದ ಜಾಗ ಮತ್ತಷ್ಟು ನೋಯ್ತಿತ್ತು. ನೋವು ಹೆಚ್ಚಾತು ಅಂತ ಮತ್ತ ಅಂಜಿಕಿ. ಹಿಂಗ ಆರು ತಿಂಗಳು ಕಳದೆ.

ಕಡೀಕೆ ಹುಬ್ಬಳ್ಳಿಯೊಳಗ ಒಬ್ರು ಲೇಡಿ ಡಾಕ್ಟರ್ ಪೂರ್ತಿ ಪರೀಕ್ಷೆ ಮಾಡಿ, ಮುಂದ ಕೂಡಿಸಿಕೊಂಡು ತಿಳಿಸಿ ಹೇಳಿದ್ರು. ಮುಟ್ಟಿಗಿಂತ ಮೊದಲು ಹಾರ್ಮೋನು ಏರಿಳಿದು ಮೊಲಿ ಬಿಗದು ಭಾರ ಆಗತಾವ, ಹೊರಗಾದ ಮ್ಯಾಲ ಇಳೀತಾವ. ಅರ್ಧಕ್ಕಿಂತ ಹೆಚ್ಚು ಹೆಣ್ಮಕ್ಕಳು ಒಂದಲ್ಲ ಒಂದು ಸಲ ಈ ನೋವು ಉಂಡವರೇ. ಗಂಟು ಇಲ್ಲದ ಬರೇ ನೋವು ಕ್ಯಾನ್ಸರ್ ಆಗಿರೋದು ಬಾಳ ಅಪರೂಪ. ಒಂದು ಗುಳಿಗಿನೂ ಕೊಡಲಿಲ್ಲ ಅವರು. ಊರಿಗೆ ಬರೋ ಬಸ್ಸಿನ್ಯಾಗ ಕಿಡಕಿ ಕಡೆ ಕುಂತಾಗ, ಭುಜ ಎಷ್ಟು ದಿನದಿಂದ ಬಿಗಿ ಹಿಡಿದಿದ್ದೆ ಅಂತ ನನಗ ಆವಾಗ ಗೊತ್ತಾತು.

ನಿನ್ನ ನೋವು ಸುಳ್ಳು ಅಂತ ನಾ ಅನ್ನಾಕತ್ತಿಲ್ಲ. ನೋವು ಖರೇನ ಐತಿ. ಆದರ ಅಂಜಿಕಿ ಹೊಕ್ಕರ ಮೈ ಬಿಗೀತೈತಿ, ನಿದ್ದಿ ಹಾರತೈತಿ, ಲಕ್ಷ್ಯ ಅಲ್ಲೇ ನೆಟ್ಟು ಸಣ್ಣ ನೋವೂ ದೊಡ್ಡದಾಗತೈತಿ. ಪರೀಕ್ಷೆ ಆಗಿ, ಯಾಕ ನೋಯ್ತೈತಿ ಅಂತ ತಿಳಿದರ ಬಾಳ ಮಂದಿಗೆ ಅದೇ ಔಷಧ.

ಮನಿಯಾಗ ಶಾಬಾದಿಮಠ ಕ್ಯಾಲೆಂಡರ್ ಐತೆಲ್ಲ? ನೋವಿದ್ದ ದಿನಕ್ಕ ಒಂದು ಚುಕ್ಕಿ, ಹೊರಗಾದ ದಿನಕ್ಕ ಒಂದು ಸುತ್ತು ಹಾಕು. ನೋವು ಮುಟ್ಟಿನ ಜೋಡಿ ಬಂದು ಹೋಗತೈತೇನು ಅಂತ ತಿಳೀತೈತಿ. ಅಳತಿಗೆ ಸರಿಯಾದ ಬಾಡಿ ಹಾಕ್ಕೋ. ಸಡಿಲ ಇದ್ದರ ನಡಿಯೋವಾಗ ಜಗ್ಗಿ ನೋಯ್ತೈತಿ. ರಾತ್ರಿ ಅಂಜಿಕಿ ತಡಿಯಾಕ ಆಗದಿದ್ದರ 14416ಕ್ಕ ಫೋನ್ ಮಾಡು. ಅದು ಸರಕಾರದ ಟೆಲಿ ಮಾನಸ್, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಇನ್ನೊಂದು ಮಾತು, ಇದನ್ನ ಮರೀಬ್ಯಾಡ. ಕ್ಯಾನ್ಸರಿನ ಗಂಟು ಶುರುವಿಗೆ ಬಾಳ ಸಲ ನೋಯೋದೇ ಇಲ್ಲ. ನೋಯಲ್ಲ ಅಂತ ಅದನ್ನ ಬಿಡೋ ಹೆಣ್ಮಕ್ಕಳನ್ನ ನೆನಸಿದರ ನನ್ನ ಹೊಟ್ಟಿ ಚುರುಕ್ ಅಂತೈತಿ. ಗಂಟು ಕೈಗೆ ಹತ್ತಿದರ, ತೊಟ್ಟಿನಿಂದ ರಕ್ತ ಬಂದರ, ತೊಟ್ಟು ಹೊಸದಾಗಿ ಒಳಗ ಹೋದರ, ತೊಗಲು ಕುಳಿ ಬಿದ್ದರ, ಕೆಂಪಾಗಿ ಬಾತರ, ಒಂದೇ ಜಾಗದಾಗ ನೋವು ಬಿಡದಿದ್ದರ ಚುಕ್ಕಿ ಎಣಿಸ್ಕೋತ ಕೂಡಬ್ಯಾಡ, ಅವತ್ತ ಹೋಗಿ ತೋರಿಸು.

ನಿನಗ ಈಗ 30 ದಾಟೈತಿ. ಸರಕಾರಿ ದವಾಖಾನಿಯೊಳಗ ಆ ವಯಸ್ಸಿನವರಿಗೆ ಬಿ.ಪಿ., ಶುಗರ್ ಜೋಡಿ ಎದಿ ಪರೀಕ್ಷೆನೂ ಪುಕ್ಕಟೆ ಮಾಡ್ತಾರ. ಚುಕ್ಕಿ ತುಂಬಲಿ ಅಂತ ಕಾಯೋದು ಬ್ಯಾಡ, ಈ ವಾರನ ನಮ್ಮೂರು ಗುತ್ತಲಕ್ಕ ಬಾ. ನಾ ಜೋಡಿಗೆ ಬರ್ತೀನಿ. ಒಳಗ ಕರದಾಗ ನಿನ್ನ ಚೀಲ ನನ್ನ ಕೈಯಾಗ ಕೊಡು, ನಾ ಬಾಗಿಲ ಹೊರಗ ಕುಂತಿರ್ತೀನಿ.