ಅಂಟುವಾಳದ ನೊರೆನೀರು ಮನೆಯಲ್ಲೇ ಮಾಡೋಣ



ವಾರದ ಉಳಿತಾಯ ಕಟ್ಟಲು ಕಷ್ಟ ಎನ್ನುವ ನಾವು ಸೋಪು, ಪೌಡರಿಗೆ ತಿಂಗಳಿಗೆ ಎಷ್ಟು ಕೊಡ್ತೇವೆ ಎಂದು ಲೆಕ್ಕ ಹಾಕಿದ್ದೇವೆಯೇ? ನಮ್ಮ ಅಜ್ಜಿಯಂದಿರು ರೇಷ್ಮೆ ಸೀರೆ, ಬಂಗಾರದ ಒಡವೆ ತೊಳೆಯುತ್ತಿದ್ದುದು ಅಂಟುವಾಳದಿಂದ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಕೊಟ್ಟು ಜಿಡ್ಡು ಬಿಡಿಸುತ್ತದೆ.

ಬೇಕಾಗುವ ಸಾಮಾನು: ಬೀಜ ತೆಗೆದ ಒಣ ಸಿಪ್ಪೆ 100 ಗ್ರಾಂ, ನೀರು 1 ಲೀಟರ್.

ಮಾಡುವ ವಿಧಾನ:
1. ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ.
2. ಬೆಳಿಗ್ಗೆ ಅದೇ ನೀರಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆಯೇ ಇಡಿ.
3. ಆರಿದ ಮೇಲೆ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿ.

ಪಾತ್ರೆ, ಬಟ್ಟೆ, ನೆಲ ಮೂರಕ್ಕೂ ಆಗುತ್ತದೆ.

ಎಚ್ಚರಿಕೆ: ಕಣ್ಣಿಗೆ ಬಿದ್ದರೆ ಬಹಳ ಉರಿ. ತೊಳೆದ ನೀರನ್ನು ಕೆರೆಗೆ ಬಿಡಬೇಡಿ, ಮೀನಿಗೆ ಅದು ವಿಷ. ನೊರೆನೀರು ಮೂರು-ನಾಲ್ಕು ದಿನಕ್ಕೆ ಹಾಳಾಗುತ್ತದೆ. ಹಾಗಾಗಿ ಬಾಟಲಿಗೆ ತುಂಬಿ ಮಾರಲು ಹೊರಡಬೇಡಿ. ಸಂಘದಿಂದ ಮಾರುವುದಾದರೆ ಒಣ ಸಿಪ್ಪೆಯೇ ಸರಿ. ತಲೆಗೆ, ಮೈಗೆ ಹಚ್ಚಲು ಎಂದು ತಯಾರಿಸಿ ಮಾರಲು ಸರ್ಕಾರದ ಲೈಸೆನ್ಸ್ ಬೇಕು.

ಸಭೆಯಲ್ಲಿ ಚರ್ಚಿಸೋಣ: ನಮ್ಮೂರಲ್ಲಿ ಅಂಟುವಾಳದ ಮರ ಎಲ್ಲೆಲ್ಲಿ ಇದೆ? ಈ ತಿಂಗಳ ಸೋಪಿನ ಖರ್ಚು ಎಷ್ಟು? ಎಲ್ಲರೂ ಬರೆದು ತನ್ನಿ. ಉಳಿದ ಹಣ ನಮ್ಮ ಪಾಸ್‌ಬುಕ್ಕಿಗೆ ಸೇರಲಿ.