ರಸವಾದಿಗಳ ಕಡತ ಬಿಚ್ಚಿದ ಬರ್ತೆಲೋ

ವೆಲ್ಡಿಂಗ್ ಕೆಲಸದಲ್ಲಿರುವ ನಮ್ಮ ವಾಚಕರಿಗೆ ಅಸೆಟಿಲೀನ್ ಅನಿಲದ ಪರಿಚಯ ಉಂಟು. ಅದಕ್ಕೆ ಆ ಹೆಸರನ್ನಿಟ್ಟವರು ಫ್ರಾನ್ಸಿನ ರಸಾಯನಜ್ಞ ಮಾರ್ಸಲಾ ಬರ್ತೆಲೋ. ಜಲಜನಕ ತುಂಬಿದ ಪಾತ್ರೆಯೊಳಗೆ ಎರಡು ಇದ್ದಲ ಕಡ್ಡಿಗಳ ನಡುವೆ ವಿದ್ಯುತ್ತಿನ ಜ್ವಾಲೆ ಹೊತ್ತಿಸಿ, 1862ರಲ್ಲಿ ಅವರು ಅದನ್ನು ಮೂಲವಸ್ತುಗಳಿಂದಲೇ ತಯಾರಿಸಿದರು.

ಬರ್ತೆಲೋ 1827ರಲ್ಲಿ ಪ್ಯಾರಿಸಿನಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. 1851ರಲ್ಲಿ ಅಲ್ಲಿನ ಕಾಲೇಜ್ ದ ಫ್ರಾನ್ಸಿನ ಪ್ರಯೋಗಶಾಲೆಯಲ್ಲಿ ಸಣ್ಣ ಸಂಬಳದ ಸಹಾಯಕರಾಗಿ ಸೇರಿದರು. ಸಸ್ಯ, ಪ್ರಾಣಿಗಳಲ್ಲಿ ಹುಟ್ಟುವ ವಸ್ತುಗಳಿಗೆ ಒಂದು 'ಜೀವಶಕ್ತಿ' ಬೇಕು, ಅವು ಮನುಷ್ಯನ ಕೈಯಿಂದ ಆಗತಕ್ಕವಲ್ಲ ಎಂದು ಹಲವರು ತಿಳಿದಿದ್ದ ಕಾಲವದು. 1828ರಲ್ಲಿ ವೋಲರ್ ಯೂರಿಯಾ ತಯಾರಿಸಿದ ಮೇಲೂ ಆ ನಂಬಿಕೆ ಪೂರ್ತಿ ಅಳಿದಿರಲಿಲ್ಲ. ಬರ್ತೆಲೋ ಗ್ಲಿಸರಿನ್ನಿಗೆ ಕೊಬ್ಬಿನ ಆಮ್ಲಗಳನ್ನು ಕೂಡಿಸಿ ಕೊಬ್ಬನ್ನೇ ಮಾಡಿ ತೋರಿಸಿದರು. ಎಥಿಲೀನಿನಿಂದ ಮದ್ಯಸಾರ ತೆಗೆದರು.

ಇಂಥವರು ಐವತ್ತು ದಾಟಿದ ಮೇಲೆ ರಸವಾದದ ಹಳೆಯ ಓಲೆಗಳನ್ನು ಬಿಚ್ಚಿ ಕುಳಿತದ್ದೇಕೆ? ತಾಮ್ರವನ್ನು ಚಿನ್ನ ಮಾಡುತ್ತೇವೆಂದವರನ್ನು ಮೋಸಗಾರರು ಎಂದು ತಳ್ಳಿಹಾಕುವುದು ಸುಲಭ. ಬರ್ತೆಲೋ ಹಾಗೆ ಮಾಡಲಿಲ್ಲ. 1885ರಲ್ಲಿ ರಸವಾದದ ಮೂಲವನ್ನು ಕುರಿತು ಗ್ರಂಥ ಬರೆದರು. ಬಳಿಕ ಗ್ರೀಕ್ ರಸವಾದಿಗಳ ಹಸ್ತಪ್ರತಿಗಳನ್ನು ಅನುವಾದಸಹಿತ ಪ್ರಕಟಿಸಿದರು. ಹಾಲೆಂಡಿನ ಲೈಡನ್ ನಗರದಲ್ಲಿ ಈಜಿಪ್ಟಿನಿಂದ ಬಂದ ಒಂದು ಪಪೈರಸ್ ಇದೆ. ಸುಮಾರು ಕ್ರಿ.ಶ. 3ನೆಯ ಶತಮಾನದ್ದು. ಅದರಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಅಕ್ಕಸಾಲಿಗನ ಟಿಪ್ಪಣಿ ಪುಸ್ತಕದಂತೆ ಬರಿಯ ಕೆಲಸದ ವಿಧಾನಗಳು. ಚಿನ್ನಕ್ಕೆ ಅಗ್ಗದ ಲೋಹ ಬೆರೆಸಿ ತೂಕ ಹೆಚ್ಚಿಸುವುದು ಹೇಗೆ, ಬೆಳ್ಳಿಯಂತೆ ಕಾಣುವ ಮಿಶ್ರಲೋಹ ಎರಕ ಹೊಯ್ಯುವುದು ಹೇಗೆ ಎಂದೆಲ್ಲ ಇದೆ. ಜೊತೆಗೆ ಪರೀಕ್ಷೆಗಳೂ ಇವೆ: ಕರಗಿಸಿದ ತವರವನ್ನು ಪಪೈರಸ್ಸಿನ ಮೇಲೆ ಸುರಿಯಬೇಕು, ಅದು ಸುಟ್ಟರೆ ತವರಕ್ಕೆ ಸೀಸ ಬೆರೆತಿದೆ ಎಂದರ್ಥ! ಕಲಬೆರಕೆ ಹೇಳಿಕೊಟ್ಟವನೇ ಅದನ್ನು ಹಿಡಿಯುವ ಉಪಾಯವನ್ನೂ ಹೇಳಿಕೊಟ್ಟಿದ್ದಾನೆ.

ಬರ್ತೆಲೋ ಹೇಳಿದ್ದು ಇಷ್ಟು: ಚಿನ್ನದ ಬಣ್ಣ ಕೊಡಲು ಬಲ್ಲ ಕುಶಲಕರ್ಮಿಗಳ ಕಸುಬು ಮೊದಲು; ಬಣ್ಣ ಬಂದದ್ದು ಚಿನ್ನವೇ ಆಗಬಾರದೇಕೆ ಎಂಬ ಆಸೆ, ತತ್ತ್ವಶಾಸ್ತ್ರದ ಬೆಂಬಲದೊಡನೆ, ಆಮೇಲೆ ಬಂದದ್ದು.

ಸತ್ತವರ ತಪ್ಪನ್ನು ಇಷ್ಟು ಸಹನೆಯಿಂದ ಓದಿದ ಇವರು ಬದುಕಿದ್ದವರ ಅಣುವಾದವನ್ನು ಮಾತ್ರ ಬಹುಕಾಲ ಒಪ್ಪಲಿಲ್ಲ. ಅಧಿಕಾರದಲ್ಲಿದ್ದವರ ಹಟ, ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಅದರಿಂದ ನಷ್ಟವೇ ಆಯಿತು.

ಭಾರತದ ರಸಶಾಸ್ತ್ರದ ವಿಷಯ ತಿಳಿಯುವ ಆಸೆಯೂ ಅವರಿಗಿತ್ತು. ಕಲ್ಕತ್ತೆಯ ಪ್ರಫುಲ್ಲಚಂದ್ರ ರಾಯರು ಅವರ ಪ್ರೋತ್ಸಾಹದಿಂದಲೇ ಹಿಂದೂ ರಸಾಯನಶಾಸ್ತ್ರದ ಚರಿತ್ರೆಗೆ ಕೈಹಾಕಿದರು. ಮೊದಲ ಸಂಪುಟ 1902ರಲ್ಲಿ ಹೊರಬಂತು. ಎರಡನೆಯದು ಬಂದದ್ದು 1909ರಲ್ಲಿ. ಬರ್ತೆಲೋ 1907ರ ಮಾರ್ಚ್ 18ರಂದು, ಹೆಂಡತಿ ತೀರಿಕೊಂಡ ದಿನವೇ, ತಾವೂ ತೀರಿಕೊಂಡಿದ್ದರು.